ಲೇಖನದಲ್ಲಿ ಇಲ್ಲದ ಪ್ಯಾರಾ

ನಾನು, ವಯಸ್ಸು ಮೂವತ್ತನಾಲ್ಕು, ವೃತ್ತಿ ಅಂತರ್ಜಾಲಕ್ಕೆ ಲೇಖನ ಬರೆಯುವುದು (ಮೊದಲು ‘ಗೃಹಿಣಿ’ ಎಂದು ಬರೆದುಕೊಂಡಿದ್ದನ್ನು ನನ್ನ ಕೋರಿಕೆಯಂತೆ ತಿದ್ದಲಾಗಿದೆ), ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮೂಲೆ ಮನೆಯ ಮಹಡಿ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಸದರಿ ಮನೆಯಲ್ಲಿ ನಾನು ತಾಯಿಯೊಂದಿಗೆ ಆರು ವರ್ಷದಿಂದ ಬಾಡಿಗೆಗೆ ಇದ್ದೇನೆ. ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಮತ್ತು ವ್ಯಾನ್ ಓಡಿಸುವ ಅವರ ಗಂಡ ಇದ್ದಾರೆ. ಅವರು ನನ್ನ ಸಂಬಂಧಿಕರಲ್ಲ. ಅಕ್ಕ, ಭಾವ ಎಂದು ಕರೆದು ರೂಢಿ. ನಮ್ಮ ನಡುವೆ ಹಿಂದೆ ಯಾವ ತಂಟೆ ತಕರಾರೂ ಇರಲಿಲ್ಲ.

ನನ್ನ ಕೆಲಸದ ರೀತಿ ಹೀಗಿದೆ. ಸಾಮಾನು ಮಾರುವ ಕಂಪನಿಯವರು ವಿಷಯ ಕೊಡುತ್ತಾರೆ. ಓದುವವರಿಗೆ ಉಪಯೋಗವಾಗುವ ಹಾಗೆ ನಾನು ಲೇಖನ ಬರೆದುಕೊಡುತ್ತೇನೆ. ಅದನ್ನು ಹಲವು ವೆಬ್‌ಸೈಟುಗಳಲ್ಲಿ ಪುಕ್ಕಟೆ ಓದಲು ಹಾಕುತ್ತಾರೆ. ಕೊನೆಯಲ್ಲಿ ನನ್ನ ಫೋಟೊ, ಹೆಸರು, ಕಂಪನಿಯ ಲಿಂಕ್ ಇರುತ್ತದೆ. ಲಿಂಕ್ ಒತ್ತಿ ಯಾರಾದರೂ ಸಾಮಾನು ಕೊಂಡರೆ ನನಗೆ ಕಮಿಷನ್ ಬರುತ್ತದೆ. ಬೋಳುತಲೆಗೆ ಹಚ್ಚುವ ಎಣ್ಣೆಯಿಂದ ಹಿಡಿದು ನಾಯಿಗೆ ಹಾಕುವ ತಿಂಡಿಯವರೆಗೆ ಬರೆದಿದ್ದೇನೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ.

ಚಳಿ ಶುರುವಾಗುವ ಹೊತ್ತಿಗೆ ಗ್ಯಾಸ್ ಗೀಸರ್ ಮಾರುವ ಕಂಪನಿಯೊಂದಕ್ಕೆ ಲೇಖನ ಬರೆದೆ. ಅದಕ್ಕೂ ಮುನ್ನ ಗೀಸರ್ ರಿಪೇರಿ ಮಾಡುವವರೊಬ್ಬರನ್ನು ವಿಚಾರಿಸಿಕೊಂಡಿದ್ದೆ. ಗೀಸರನ್ನು ಬಚ್ಚಲುಮನೆಯ ಹೊರಗೇ ಹಾಕಿಸಬೇಕು, ಕಿಟಕಿಯನ್ನು ಎಂದೂ ಮುಚ್ಚಕೂಡದು, ಮುಚ್ಚಿದರೆ ಬಣ್ಣ ವಾಸನೆ ಎರಡೂ ಇಲ್ಲದ ವಿಷಗಾಳಿ ತುಂಬಿ ಮನುಷ್ಯ ಕೂತಲ್ಲೇ ಒರಗುತ್ತಾನೆ ಎಂದು ಒಂದು ಪ್ಯಾರಾ ಬರೆದಿದ್ದೆ.

ಕಂಪನಿಯ ಮ್ಯಾನೇಜರ್ ಫೋನ್ ಮಾಡಿ ಆ ಪ್ಯಾರಾ ತೆಗೆಯುವಂತೆ ಹೇಳಿದರು. “ಬಿಸಿನೀರು ಬೇಕು ಅಂತ ಬಂದೋರಿಗೆ ಸಾವಿನ ಸುದ್ದಿ ಹೇಳಿದ್ರೆ ಯಾರು ತಗೋತಾರೆ ಮೇಡಂ?” ಎಂದರು. ತೆಗೆಯುವುದಾದರೆ ಲೇಖನವೇ ಬೇಡ ಎಂದೆ. “ಆಯ್ತು ಬಿಡಿ, ನಾವು ನೋಡ್ಕೋತೀವಿ” ಎಂದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಲೇಖನ ಪ್ರಕಟವಾದಾಗ, ನಾನೇ ಬರೆದದ್ದಲ್ಲವೇ ಎಂದು ಮತ್ತೆ ಓದಲಿಲ್ಲ. ಲಿಂಕನ್ನು ಅಕ್ಕನಿಗೆ ಕಳಿಸಿದೆ.

ಅಕ್ಕ ಅದನ್ನು ಪೂರ್ತಿ ಓದಿದರು. ಅಳತೆ ಕೊಡಲು ಬಂದವರಿಗೆಲ್ಲ ನನ್ನ ಫೋಟೊ ತೋರಿಸಿ, ಇದು ನಮ್ಮ ಮಹಡಿ ಮೇಲಿನ ಹುಡುಗಿ ಎಂದು ಹೇಳಿಕೊಂಡರು. ನನ್ನ ಬರಹವನ್ನು ಗುರುತಿನವರೊಬ್ಬರು ಕೊನೆಯವರೆಗೆ ಓದಿದ್ದು ಅದೇ ಮೊದಲು. ವಾರದೊಳಗೆ ಅವರ ಮನೆಗೆ ಅದೇ ಗೀಸರ್ ಬಂತು. ಅದನ್ನು ಜೋಡಿಸಿದ ದಿನ ನಾನು ತಾಯಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದೆ. ಬಚ್ಚಲುಮನೆಯ ಒಳಗೇ ಜೋಡಿಸಿದ್ದು ನನಗೆ ಗೊತ್ತಿರಲಿಲ್ಲ. ತಣ್ಣನೆ ಗಾಳಿ ಬರುತ್ತದೆಂದು ಅಕ್ಕ ಕಿಟಕಿಗೆ ರಟ್ಟು ಬಡಿದಿದ್ದೂ ಗೊತ್ತಿರಲಿಲ್ಲ.

ಈ ತಿಂಗಳ ಹನ್ನೊಂದನೇ ತಾರೀಖು ಬೆಳಿಗ್ಗೆ ಏಳೂಕಾಲಕ್ಕೆ ನಾನು ಕೆಲಸಕ್ಕೆ ಕೂತೆ. ಕೆಳಗಿನ ಬಚ್ಚಲಿನ ಪೈಪು ನನ್ನ ಮೇಜಿನ ಪಕ್ಕದ ಗೋಡೆಯಲ್ಲಿದ್ದು, ನೀರು ಬಿಟ್ಟರೆ ಸದ್ದು ಬರುತ್ತದೆ. ಬಹಳ ಹೊತ್ತಾದರೂ ಸದ್ದು ನಿಲ್ಲಲಿಲ್ಲ. ಅಕ್ಕ ನೀರು ಪೋಲು ಮಾಡುವವರಲ್ಲ. ಕೆಳಗಿಳಿದು ಕೂಗಿದೆ. ಉತ್ತರವಿಲ್ಲ. ಭಾವ ಡ್ಯೂಟಿಗೆ ಹೋಗಿದ್ದರು. ಹೊಲಿಗೆ ಮೆಷಿನ್ನಿನ ಸ್ಟೂಲಿನಿಂದ ಬಚ್ಚಲುಮನೆಯ ಬಾಗಿಲಿಗೆ ಹೊಡೆದು ಚಿಲಕ ಕಿತ್ತೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಬಕೆಟ್ಟು ತುಂಬಿ ಹರಿಯುತ್ತಿತ್ತು. ಅವರನ್ನು ಅಂಗಳಕ್ಕೆ ಎಳೆದುಕೊಂಡು ಬಂದು, ಹೊಲಿಯಲು ಬಂದಿದ್ದ ಯಾರದೋ ಸೀರೆ ಹೊದಿಸಿ, ಸಿಲಿಂಡರ್ ಬಂದ್ ಮಾಡಿ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಾಗಿಲು ಒಡೆದವಳು ನಾನೇ.

ಆಸ್ಪತ್ರೆಗೆ ಬಂದ ಭಾವ, ನೀನು ಬರೆದದ್ದನ್ನು ನಂಬಿಯೇ ತಂದಿದ್ದು ಎಂದರು. ಕಿಟಕಿ ಮುಚ್ಚಬಾರದೆಂದು ಬರೆದಿದ್ದೇನೆ ಎಂದು ತೋರಿಸಲು ನಾನು ಫೋನಿನಲ್ಲಿ ಲೇಖನ ತೆಗೆದೆ. ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಆ ಪ್ಯಾರಾ ಇರಲಿಲ್ಲ. ಅದರ ಜಾಗದಲ್ಲಿ, ಎಷ್ಟೇ ಇಕ್ಕಟ್ಟಿನ ಬಚ್ಚಲುಮನೆಗೂ ಹೇಳಿ ಮಾಡಿಸಿದಂತಿದೆ ಎಂಬ ಸಾಲಿತ್ತು. ಕೆಳಗೆ ನಾನು ನಗುತ್ತಿರುವ ಫೋಟೊ ಇತ್ತು. “ಇದು ನೀನೇ ತಾನೇ?” ಎಂದು ಭಾವ ಕೇಳಿದರು. ಹೌದು ಎಂದೆ.

ಅಂದೇ ಮ್ಯಾನೇಜರಿಗೆ ಫೋನ್ ಮಾಡಿ, ಲೇಖನವನ್ನು ಕೂಡಲೇ ತೆಗೆಯಬೇಕೆಂದು ಹೇಳಿದೆ. “ಬೇಕಿದ್ರೆ ನಿಮ್ಮ ಹೆಸರು ತೆಗೀತೀವಿ ಮೇಡಂ. ಲೇಖನ ಇರ್ಲಿ, ಚೆನ್ನಾಗಿ ಓಡ್ತಿದೆ” ಎಂದರು. ಹೆಸರು ತೆಗೆಯಕೂಡದು, ಲೇಖನ ತೆಗೆಯಬೇಕು ಎಂದೆ. ನಂತರ ಅವರು ನನ್ನ ಫೋನ್ ಎತ್ತಿಲ್ಲ.

ಅಕ್ಕನಿಗೆ ಪ್ರಜ್ಞೆ ಬಂದ ಮೇಲೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು, “ಬರ್ದಿದ್ಯಾ ನೀನು? ಮತ್ತೆ ಬಾಯಲ್ಲಿ ಒಂದ್ಮಾತು ಹೇಳ್ಬೋದಿತ್ತಲ್ಲೇ” ಎಂದರು. ಅವರ ಬಲಗೈ ಈಗಲೂ ನಡುಗುತ್ತದೆ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ.

ಭಾವ ನನ್ನ ಮೇಲೆ ಕೊಟ್ಟಿರುವ ದೂರಿಗೆ ನನ್ನ ತಕರಾರಿಲ್ಲ. ಅದರಲ್ಲಿ ಕಂಪನಿಯ ಹೆಸರನ್ನೂ ಸೇರಿಸಬೇಕು. ಇಂದು ಬೆಳಿಗ್ಗೆ ಠಾಣೆಗೆ ಹೊರಟಾಗ ನನ್ನ ಫೋನಿಗೆ ಕಮಿಷನ್ ಬಂದ ಮೆಸೇಜ್ ಬಂತು. ಅಂದರೆ ನಿನ್ನೆ ಆ ಲೇಖನ ಓದಿ ಮತ್ತೊಬ್ಬರು ಗೀಸರ್ ಕೊಂಡಿದ್ದಾರೆ. ಅವರು ಯಾರು, ಯಾವ ಊರಿನವರು ಎಂಬುದು ಮೆಸೇಜಿನಲ್ಲಿ ಇರುವುದಿಲ್ಲ, ಕಂಪನಿಯವರಿಗೆ ಗೊತ್ತಿರುತ್ತದೆ. ನನ್ನ ಮೇಲಿನ ಕ್ರಮ ಏನಿದ್ದರೂ ಆಮೇಲೆ ಆಗಲಿ, ಮೊದಲು ಆ ಗೀಸರ್ ಕೊಂಡವರ ಮನೆಗೆ ಫೋನ್ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೇಲೆ ಹೇಳಿದ್ದೆಲ್ಲ ನಾನು ಕಂಡು, ಕೇಳಿ, ಮಾಡಿದ ಸಂಗತಿ, ಇದು ಸತ್ಯ. ಬರೆದುಕೊಂಡದ್ದನ್ನು ಓದಿ ಹೇಳಿದರು. ಆಮೇಲೆ ನಾನೂ ಓದಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಹದಿನೇಳು, ಬೆಳಿಗ್ಗೆ
ಸಹಿ