ಊಟದ ಡಬ್ಬಿಯ ಜ್ವರ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಅಕ್ಕಿ ಗಿರಣಿಯೂ ಅವನದೇ, ಶಾಲೆಯೂ ಅವನದೇ. ಶಾಲೆ ಎಂಥದ್ದು ಅಂತೀರಿ? ಬಗ್ಗಿದರೆ ಮುಖ ಕಾಣುವ ನೆಲ, ಕಿಟಕಿಗೆಲ್ಲ ಪರದೆ. ಅಲ್ಲಿಗೆ ಅವನು ಒಂದು ನಿಯಮ ಮಾಡಿದ್ದ. ಹುಷಾರಿಲ್ಲ ಎಂದ ಮಗುವಿನ ಹಣೆ ಮುಟ್ಟಿ ನೋಡಬೇಕು. ಬಿಸಿಯಿದ್ದರೆ ಮನೆಗೆ, ತಣ್ಣಗಿದ್ದರೆ ಪಾಠಕ್ಕೆ. ನಮ್ಮ ನಿಮ್ಮ ಮನೆಯಲ್ಲೂ ಅದೇ ತಾನೇ?

ಆ ಶಾಲೆಯಲ್ಲಿ ಒಬ್ಬಳು ಟೀಚರಮ್ಮ. ಗದರಿಸಲು ಬಾರದವಳು ಎಂದು ಉಳಿದವರು ನಗುತ್ತಿದ್ದರು. ಸಾಹುಕಾರನ ಮಗಳು ಇವಳ ತರಗತಿಯಲ್ಲೇ. ಮೊದಲ ಸ್ಥಾನವನ್ನು ಎಂದೂ ಬಿಟ್ಟುಕೊಡದ ಹುಡುಗಿ. ಪರೀಕ್ಷೆ ಹತ್ತಿರವಾದ ಹಾಗೆ ಅವಳಿಗೆ ಮಧ್ಯಾಹ್ನದ ಹೊತ್ತಿಗೆ ಜ್ವರ ಬರತೊಡಗಿತು. ಟೀಚರಮ್ಮ ಹಣೆ ಮುಟ್ಟಿದಳು, ಕಾದಿತ್ತು. ಕೈ ಹಿಡಿದಳು, ಬಾವಿಯ ನೀರಿನಂತೆ ತಣ್ಣಗಿತ್ತು. ಇದೆಂಥ ಜ್ವರ? ಮರುದಿನ ಊಟದ ಬೆಲ್ಲಾದಾಗ ಹಿಂದೆಯೇ ಹೋದಳು. ಕಂಬದ ಮರೆಯಲ್ಲಿ ಹುಡುಗಿ, ಮನೆಯಿಂದ ಬಂದ ಬಿಸಿ ಊಟದ ಡಬ್ಬಿಯನ್ನು ಹಣೆಗೆ ಒತ್ತಿ ಹಿಡಿದು ನಿಂತಿದ್ದಾಳೆ.

ನೀವಾಗಿದ್ದರೆ ಏನು ಅನ್ನುತ್ತಿದ್ದಿರಿ? ಕಳ್ಳಿ, ಸಿಕ್ಕಿಬಿದ್ದೆ ಅನ್ನುತ್ತಿದ್ದಿರಿ. ಈ ಹೆಣ್ಣುಮಗಳನ್ನು ನೋಡಿ. ಪಕ್ಕದಲ್ಲಿ ಹೋಗಿ ಕೂತಳು.

"ಸುಡಲ್ವೇನೇ ಪುಟ್ಟಿ?"

"ಸುಡತ್ತೆ ಮಿಸ್."

"ಆದ್ರೂ ಹಿಡ್ಕೊಂಡಿದೀಯ ಅಂದ್ರೆ, ಅದಕ್ಕಿಂತ ಜಾಸ್ತಿ ಸುಡೋದು ಏನೋ ಇದೆ."

ಹುಡುಗಿ ಅಳಲಿಲ್ಲ. ನೆಲ ನೋಡುತ್ತ ಹೇಳಿದಳು. "ಓದಿದ್ದು ಒಂದೂ ನಿಲ್ತಿಲ್ಲ ಮಿಸ್. ನಿದ್ದೆ ಬರಲ್ಲ. ನಾನು ಇಲ್ದೇ ಹೋದ್ರೆ ಎಲ್ಲಾ ಸರಿಹೋಗತ್ತೆ ಅನ್ಸತ್ತೆ. ಅಪ್ಪಂಗೆ ಹೇಳ್ಬೇಡಿ."

ಟೀಚರಮ್ಮ ಅವಳ ಕೈಯಿಂದ ಡಬ್ಬಿ ತೆಗೆದು ಕೆಳಗಿಟ್ಟಳು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಮಗುವೇ ಹೋದೀತು.

"ಇದನ್ನ ಮುಚ್ಚಿಡೋಕಾಗಲ್ಲ ಕಂದ. ಆದ್ರೆ ನಿನ್ನೊಬ್ಬಳನ್ನೇ ಕಳ್ಸಲ್ಲ, ನಾನೂ ಬರ್ತೀನಿ" ಎಂದು ಅವಳನ್ನು ಕರೆದುಕೊಂಡು ಗಿರಣಿಗೇ ನಡೆದಳು.

ವಿಷಯ ಕೇಳಿ ಸಾಹುಕಾರ ಕೆಂಡವಾದ. "ನನ್ನ ಸಂಬಳ ತಿಂದು ನನ್ನ ಮಗಳಿಗೇ ಹುಚ್ಚು ಅಂತೀಯೇನಮ್ಮಾ? ಇವಳಿಗೆ ನಾನೇನು ಕಮ್ಮಿ ಮಾಡಿದೀನಿ?"

"ಬೇಕಾದ್ರೆ ಕೆಲಸದಿಂದ ತೆಗೀರಿ ಯಜಮಾನ್ರೇ. ಗಿರಣಿ ಒಂದ್ ಗಳಿಗೆ ನಿಲ್ಸಿ. ಮಗು ದನಿ ಸಣ್ಣದು, ಈ ಸದ್ದಲ್ಲಿ ಕೇಳ್ಸಲ್ಲ."

ಯಾರ ಮಾತಿಗೂ ನಿಲ್ಲದ ಗಿರಣಿ ಅವಳ ಮಾತಿಗೆ ನಿಂತಿತು. ಕಂಬದ ಮರೆಯಲ್ಲಿ ಹೇಳಿದ್ದನ್ನೇ ಮಗಳು ಅಪ್ಪನಿಗೆ ಹೇಳಿದಳು. ಸಾಹುಕಾರ ತೌಡಿನ ಮೂಟೆಯ ಮೇಲೆ ಕುಸಿದು ಕೂತ. ಅಂದೇ ಅವಳನ್ನು ಮನಸ್ಸಿನ ವೈದ್ಯರ ಬಳಿ ಕರೆದೊಯ್ದ. ಅವರ ಮದ್ದು ಅಜ್ಜಿಕಥೆಯ ಸಂಜೀವಿನಿ ಬೇರು ಅಲ್ಲವಲ್ಲ, ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಆದರೂ ವಾಸಿಯಾಯಿತು. ಶಾಲೆಯ ನಿಯಮವೂ ಬದಲಾಯಿತು: ಮನಸ್ಸಿಗೆ ಹುಷಾರಿಲ್ಲ ಎಂದರೂ ಅದು ಹುಷಾರಿಲ್ಲದ್ದೇ, ಕೂತು ಕೇಳಬೇಕು.

ಹುಡುಗಿ ಮತ್ತೆ ಮೊದಲ ಸ್ಥಾನಕ್ಕೆ ಬಂದಳೇ ಎಂದು ಕೇಳಲು ನಿಮ್ಮಲ್ಲಿ ಕೆಲವರ ನಾಲಿಗೆ ತುರಿಸುತ್ತಿದೆ. ನೋಡಿ, ನಮ್ಮ ರೋಗ ಇರುವುದೇ ಅಲ್ಲಿ.

ತಾಯಂದಿರೇ, ತಂದೆಯಂದಿರೇ, ಮಗು ಬೆನ್ನಿನ ಚೀಲ ಇಳಿಸುವ ಮೊದಲೇ ಎಷ್ಟು ಬಂತು ಎಂದು ಕೇಳಬೇಡಿ. ಮೊದಲು ತಿನ್ನಲು ಏನಾದರೂ ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ. ಅದು ಏನೇ ಹೇಳಲಿ, ಇಷ್ಟಕ್ಕೇನಾ ಅನ್ನಬೇಡಿ. ಭಾರವಾದ ಮಾತು ಬಂದರೆ ಜನ ಏನಂದಾರು ಎಂದು ಕಾಯದೆ ಟೀಚರ ಹತ್ತಿರ, ವೈದ್ಯರ ಹತ್ತಿರ ಕರೆದೊಯ್ಯಿರಿ. ಏನೂ ಹೇಳದೆ ಸುಮ್ಮನೆ ಕೂತರೆ? ನೀವೂ ಸುಮ್ಮನೆ ಕೂತಿರಿ. ಎದ್ದು ಮಾತ್ರ ಹೋಗಬೇಡಿ.