ಮಾಬ್ಲೇಶ್ವರ ಸರ್ ಒತ್ತದೆ ಹೋದ ಗುಂಡಿ

ವೇದಿಕೆಯ ಮೇಲಿರುವ ಪ್ರಾಂಶುಪಾಲರೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮಾಬ್ಲೇಶ್ವರ ಸರ್ ಮಡದಿ ಜಯಶ್ರೀ ಅಕ್ಕೋರೆ, ಮಗಳು ವಿಜೇತಾ, ಕಾಳಿ ನದಿ ದಾಟಿ ಸದಾಶಿವಗಡದಿಂದ ಬಂದವರೆ, ಬಸ್ಸಿನಲ್ಲಿ ನಿಂತುಕೊಂಡೇ ಅಂಕೋಲೆಯಿಂದ ಬಂದವರೆ — ಎಲ್ಲರಿಗೂ ನಮಸ್ಕಾರ.

ಇಷ್ಟು ಜನ! ನೋಡಿ, ನನ್ನ ಹೊಟ್ಟೆಕಿಚ್ಚು ಇಲ್ಲಿಂದಲೇ ಶುರು. ಕನ್ನಡ ವಿಭಾಗದಿಂದ ನಾನೊಂದು ವಿಚಾರ ಸಂಕಿರಣ ಮಾಡಿದರೆ, ಮುಂದಿನ ಎರಡು ಸಾಲು ತುಂಬಿಸಲು ಉಪ್ಪಿಟ್ಟು ಇದೆ ಎಂದು ಸಾರಬೇಕಾಗುತ್ತದೆ. ಭೌತಶಾಸ್ತ್ರದ ಮಾಬ್ಲೇಶ್ವರ ನಾಯಕರು ಏನೂ ಸಾರಲಿಲ್ಲ. ಸುಮ್ಮನೆ ಹೋಗಿಬಿಟ್ಟರು — ಸಭಾಂಗಣ ತುಂಬಿತು.

ಕಾರವಾರದಲ್ಲಿ ಮತ್ಸ್ಯವಿಲ್ಲದೆ ಊಟ ಇಳಿಯುವುದಿಲ್ಲ ಎನ್ನುತ್ತಾರೆ. ನಾನು ಶಾಕಾಹಾರಿ. ನನಗೆ ಮತ್ಸರವೇ ಸಾಕಾಗುತ್ತಿತ್ತು. ಅದನ್ನು ದಿನಾ ತಾಜಾ ತಾಜಾ ಒದಗಿಸುತ್ತಿದ್ದವರು ಇವರು — ಫೋಟೋದಲ್ಲೂ ನಗುತ್ತಿದ್ದಾರೆ, ನೋಡಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಾಲೇಜಿನ ಕಂಪ್ಯೂಟರುಗಳು ಹಳತಾದವು, ಗುಜರಿಗೆ ಹಾಕಿ ಎಂದು ಮಾರಿದವರೇ ಹೇಳಿದರು. ಹಾಕೋಣ ಎಂದೆ ನಾನು. ಮಾಬ್ಲೇಶ್ವರ ಸರ್ ಅವುಗಳಲ್ಲಿದ್ದ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದರು. ಓದುಕೋಣೆಯಲ್ಲಿ ಸಾಲಾಗಿ ಇಟ್ಟು, ಊರಿನವರು ಯಾರು ಬೇಕಾದರೂ ಬಂದು ಬಳಸಿ ಎಂದರು. ಲಿನಕ್ಸ್ ಅಂದರೇನು ಎಂದು ಕೇಳಿದ್ದಕ್ಕೆ, ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದು ಕಡಲು ತೋರಿಸಿದರು.

"ರಂಪಣಿ ಬಲೆ ಎಳಿಯೂದು ಕಂಡೀರಲ್ಲ ಪಂಡಿತ್ರೆ? ಹಗ್ಗಕ್ಕೆ ಕೈ ಹಚ್ಚಿದವಂಗೆಲ್ಲ ಪಾಲುಂಟು. ಇದೂ ಹಾಂಗೇಯ. ಊರೂರಿನವ್ರು ಸೇರಿ ಬರ್ದದ್ದು. ಯಾರ್ ಬೇಕಾರೂ ತೆರ್ದು ನೋಡ್ಬಹುದು, ತಿದ್ಬಹುದು, ಹಂಚ್ಬಹುದು. ಫರಕು ಒಂದೇ — ಇಲ್ಲಿ ಕೈ ಹಚ್ಚದವಂಗೂ ಪಾಲುಂಟು. ನಿಮ್ಮಂಥವ್ರಿಗೆ."

ಕಡಲ ಕಡೆ ನೋಡುತ್ತಲೇ ಚುಚ್ಚುವ ಕಲೆ ಅದು. ನಾನೂ ಬಿಡಲಿಲ್ಲ. "ಕಿಟಕಿ ಬೇಡವೆಂದವರು ಕಿಟಕಿಯಲ್ಲೇ ನಿಂತು ಪಾಠ ಹೇಳುತ್ತೀರಲ್ಲ" ಎಂದೆ. ಅವರು ಜೋರಾಗಿ ನಕ್ಕರು. ನನ್ನ ಶ್ಲೇಷೆಗೆ ನನ್ನ ವಿದ್ಯಾರ್ಥಿಗಳು ಯಾವತ್ತೂ ಹಾಗೆ ನಕ್ಕಿದ್ದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ನಮ್ಮ ಮನೆಯವಳ ಫೋನಿಗೆ ಅಪ್‌ಡೇಟ್ ಬರುವುದು ನಿಂತಿತ್ತು. ಹೊಸದು ಕೊಳ್ಳೋಣ ಎಂದು ನಾನು ಉದಾರವಾಗಿ ಹೇಳಿದೆ. ಅವಳು ಅದನ್ನು ಮಾಬ್ಲೇಶ್ವರ ಸರ್ ಕೈಗೆ ಕೊಟ್ಟಳು. ಅವರು ಅದಕ್ಕೂ ಒಂದು ಮುಕ್ತ ವ್ಯವಸ್ಥೆ ಹಾಕಿ ಮರಳಿಸಿದರು. ಅದು ಚಿಗರೆಯ ಹಾಗೆ ಓಡತೊಡಗಿತು. "ನೋಡಿ, ಹಳೇದೂ ಸರಿ ಆಗ್ತದೆ" ಎಂದಳು. ನೋಡಿದ್ದು ಫೋನನ್ನಲ್ಲ — ನನ್ನನ್ನು.

ಇದೆಲ್ಲವನ್ನೂ ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಒಂದೇ ಒಂದು ಶಬ್ದ. ಆ ಶಬ್ದದ ಹಣೆಬರಹ ಇವತ್ತು ನನ್ನ ಕೈಯಲ್ಲಿದೆ. ಹಾಗಾಗಿ ಸ್ವಲ್ಪ ಗಮನವಿಟ್ಟು ಕೇಳಬೇಕು.

ಓದುಕೋಣೆಯ ಯಂತ್ರಗಳಿಗೆ ಅವರು ಕನ್ನಡದ ಗುಂಡಿಗಳನ್ನು ಕೂರಿಸಿದರು. ತೆರೆ, ಮುಚ್ಚು, ಉಳಿಸು. ಸರಿ. ಕೊನೆಯ ಗುಂಡಿ — ಕೆಲಸ ಮುಗಿಸಿ ಏಳುವಾಗ ಒತ್ತುತ್ತೇವಲ್ಲ, ಲಾಗೌಟ್ — ಅದಕ್ಕೇನು ಬರೆದರು ಗೊತ್ತೆ? 'ಬರ್ತೆ'!

ನಾನು ಡಾಕ್ಟರೇಟ್ ಪಡೆದ ಮನುಷ್ಯ, ಸ್ವಾಮಿ. ಓಡಿ ಹೋದೆ. "ಇದೆಂಥ ಕನ್ನಡ? ಹೋಗುವ ಗುಂಡಿಗೆ ಬರ್ತೆ ಎನ್ನುತ್ತಾರೆಯೆ?"

"ನಿಮ್ಮನೆಯಿಂದ ಹೊರಡ್ವಾಗ ನೀವು ಎಂತ ಹೇಳ್ತ್ರಿ? ಹೋಗ್ತೆ ಅಂತ್ರ್ಯಾ?"

"ಛೆ, ಬರ್ತೆ ಅಂತೇನೆ."

"ಕೊಂಕಣಿಯವ್ರು?"

"ಯೆತಾಂ. ಅಂದರೂ ಬರ್ತೆ ಅಂತಲೇ."

"ಮತ್ತೆ? ಕಂಪ್ಯೂಟರ್ ಎಂತ ಪಾಪ ಮಾಡ್ತು?" ಇಷ್ಟು ಹೇಳಿ ಕೈ ಹೀಗೆ — ಹೀಗೆ ಬಿಚ್ಚಿದರು. "ನಿಮಗೆ ಬೇಡಾದ್ರೆ ಬದಲಾಯಿಸ್ಕೊಳ್ಳಿ. ಮೂಲ ತೆರ್ದೇ ಉಂಟಲ್ಲ."

ಇದು ನೋಡಿ ಅನ್ಯಾಯ! ಜಗಳಕ್ಕೆ ಹೋದವನಿಗೆ ಅನುಮತಿ ಕೊಟ್ಟು ಕಳಿಸುವುದು. ನಾನು ಕನ್ನಡ ವಿಭಾಗದ ಯಂತ್ರದಲ್ಲಿ ಆ ಶಬ್ದ ತೆಗೆದು 'ನಿರ್ಗಮಿಸು' ಎಂದು ಹಾಕಿಸಿದೆ. ಘನವಾಗಿತ್ತು. ಕಂಪ್ಯೂಟರಿಗೆ ಶಾಲು ಹೊದೆಸಿದಂತಿತ್ತು.

ಒಂದು ದಿನ ಓದುಕೋಣೆ ತುಂಬಿತ್ತು. ಮೀನು ಪೇಟೆಯ ನಾಗುಬಾಯಿ ಮೊಮ್ಮಗಳ ರಿಸಲ್ಟ್ ನೋಡಲು ನಮ್ಮ ವಿಭಾಗಕ್ಕೆ ಬಂದರು. ಇಲ್ಲೇ ಇದ್ದಾರೆ, ಮೂರನೆಯ ಸಾಲಿನಲ್ಲಿ. ಮೊಮ್ಮಗಳು ಪಾಸು. ಖುಷಿಯಿಂದ ಎದ್ದವರು ಪರದೆಯನ್ನು ಒಂದೊಂದೇ ಅಕ್ಷರ ಓದಿದರು. "ನಿರ್-ಗ-ಮಿ-ಸು. ಹಂಗಂದ್ರೆ ಎಂತ ಸರ್?"

"ಹೊರಗೆ ಹೋಗು ಅಂತ" ಎಂದೆ.

ಬುಟ್ಟಿ ಕೆಳಗಿಟ್ಟರು. "ನಂಗ್ಯಾ? ನಾ ನಿಮ್ಮ ಬಾಗ್ಲಿಗೆ ಬೇಡೂಕೆ ಬಂದೇನ್ಯಾ? ಅದೂ ಹೋಗು ಅಂತದೆ, ಹೋಗಿ ಅಂತಾನೂ ಇಲ್ಲ! ಮಾಬ್ಲೇಶ್ವರ ಸರ್ ಮಿಶಿನ್ ಯಾವತ್ತೂ ಹೀಂಗೆ ಬೈಯೂದಿಲ್ಲ."

ಆ ಮಾತು ಸ್ಟಾಫ್ ರೂಮಿಗೆ ನನಗಿಂತ ಮೊದಲು ತಲುಪಿತ್ತು. ಮಾಬ್ಲೇಶ್ವರ ಸರ್ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನನ್ನ ಕಡೆ ತಿರುಗಿ, ಬಹಳ ಗೌರವದಿಂದ — "ಬರ್ತೆ ಪಂಡಿತ್ರೆ" ಎಂದು ಎದ್ದು ಹೋದರು.

ಹೋದ ವಾರ ಅದೇ ಕುರ್ಚಿಯಲ್ಲಿ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ… — ಇರಲಿ.

ಅವರ ಮನೆಗೆ ಹೋಗಿದ್ದೆ. ಸಾವಿನ ಮನೆಯಿಂದ ಏಳುವಾಗ ನಮ್ಮಲ್ಲಿ ಯಾರೂ 'ಬರ್ತೆ' ಎನ್ನುವುದಿಲ್ಲ. ಸುಮ್ಮನೆ ಎದ್ದು ನಡೆಯಬೇಕು. ನನಗೆ ಗೊತ್ತಿಲ್ಲದ ರಿವಾಜೇನಲ್ಲ. ಆದರೂ ಚಪ್ಪಲಿ ಮೆಟ್ಟುವಾಗ ನಾಲಿಗೆ ಜಾರಿತು. "ಬರ್ತೆ ಅಕ್ಕೋರೆ" ಅಂದುಬಿಟ್ಟೆ! ಜಗುಲಿಯಲ್ಲಿದ್ದ ಹಿರಿಯರೆಲ್ಲ ನನ್ನನ್ನೇ ದಿಟ್ಟಿಸಿದರು. ಜಯಶ್ರೀ ಅಕ್ಕೋರು ತಲೆಯೆತ್ತಿದರು. ಅವತ್ತು ಬೆಳಗಿನಿಂದ ಒಂದು ಮಾತೂ ಆಡದಿದ್ದವರು —

"ಲಾಗೌಟ್ ಆಯ್ತಾ ಸರ್?" ಎಂದರು. ನಕ್ಕರು. ನಗುತ್ತಲೇ ಅತ್ತರು.

ತಪ್ಪು ಮಾಡಿದ್ದು ನಾನು, ನಗಿಸಿದ್ದು ಮಾಬ್ಲೇಶ್ವರ. ಹೋದ ಮೇಲೂ ಬಿಡಲಿಲ್ಲ ಈ ಮನುಷ್ಯ!

ಈಗ ಆ ಶಬ್ದದ ವಿಷಯ. ಬರುವ ತಿಂಗಳು ಯಂತ್ರಗಳಿಗೆಲ್ಲ ಹೊಸ ಆವೃತ್ತಿ ಹಾಕಬೇಕು. ಗುಂಡಿಗಳ ಕನ್ನಡವನ್ನು ಪ್ರಾಂಶುಪಾಲರು ನನಗೆ ವಹಿಸಿದ್ದಾರೆ. ಕೇಳುವವರಿಲ್ಲ, ಚುಚ್ಚುವವರಿಲ್ಲ. ನಿನ್ನೆ ಕುಳಿತು 'ಬರ್ತೆ' ಅಳಿಸಿದೆ. 'ನಿರ್ಗಮಿಸು' ಎಂದು ಬರೆದೆ. ನೋಡಿದೆ. ಎದುರಿನ ಕುರ್ಚಿಯನ್ನೂ ನೋಡಿದೆ. ಖಾಲಿ ಕುರ್ಚಿಯ ಎದುರು ಗೆದ್ದರೆ ಏನು ಗೆದ್ದ ಹಾಗೆ, ನೀವೇ ಹೇಳಿ?

'ಬರ್ತೆ' ಉಳಿಯುತ್ತದೆ. ಇದು ನನ್ನ ದೊಡ್ಡ ಮನಸ್ಸು ಎಂದು ಯಾರೂ ಹೊಗಳಬೇಡಿ. ತೆಗೆದರೆ ನಾಗುಬಾಯಿಯಿಂದ ಹಿಡಿದು ನನ್ನ ಹೆಂಡತಿಯವರೆಗೆ ಎಲ್ಲರೂ "ಮಾಬ್ಲೇಶ್ವರ ಸರ್ ಇರ್ಬೇಕಿತ್ತು" ಎನ್ನುತ್ತಾರೆ. ಆ ಮಾತನ್ನು ನಾನೊಬ್ಬನೇ ಹೇಳಿಕೊಳ್ಳಬೇಕೆಂದಿದ್ದೇನೆ. ಅದರಲ್ಲಿ ಯಾರಿಗೂ ಪಾಲು ಕೊಡುವುದಿಲ್ಲ.

ಕೊನೆಯದಾಗಿ — ಫೋಟೋದ ಪಕ್ಕದಲ್ಲಿರುವುದು ಅವರ ಲ್ಯಾಪ್‌ಟಾಪ್. ಕುಸಿದ ದಿನ ತೆರೆದಿದ್ದದ್ದು ಇನ್ನೂ ಹಾಗೆಯೇ ಇದೆ. ನಮ್ಮ ಕಾಲೇಜಿನ ಜವಾನ ಹುಲಿಯಾ ದಿನಾ ಧೂಳು ಒರೆಸಿ, ಚಾರ್ಜಿಗೆ ಹಾಕಿ ಹೋಗುತ್ತಾನೆ. ಮುಚ್ಚಲು ಅವನಿಗೆ ಕೈ ಬಂದಿಲ್ಲ. ಪರದೆಗೆ ಬೀಗ ಹಾಕುವ ಅಭ್ಯಾಸ ಸರ್‌ಗೆ ಇರಲಿಲ್ಲ — ಮುಕ್ತ ಎಂದರೆ ಮುಕ್ತ. ಊರಿಗೆಲ್ಲ 'ಬರ್ತೆ' ಕಲಿಸಿದವರು ತಾವು ಮಾತ್ರ ಹೇಳದೆ ಎದ್ದರು. ಆ ಗುಂಡಿಯನ್ನು ಈಗ ವಿಜೇತಾ ಒತ್ತುತ್ತಾಳೆ. ಬಾ ಮಗಾ, ಮೇಲೆ ಬಾ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಫೋನುಗಳ ಬಾಯಿ ಮುಚ್ಚಿಸಿ. ಅವಳ ಬೆರಳು ಆ ಗುಂಡಿಗೆ ತಾಗುವವರೆಗೆ ನಮ್ಮ ಮೌನ. ಅವಸರವಿಲ್ಲ ಮಗಾ, ಎಷ್ಟು ಹೊತ್ತಾದರೂ ನಿಲ್ಲುತ್ತೇವೆ.

ಆಮೇಲೆ ಸದ್ದಿಲ್ಲದೆ ಹೊರಡೋಣ. ರಿವಾಜು ನೆನಪಿರಲಿ — ಬಾಗಿಲಲ್ಲಿ ಯಾರೂ 'ಬರ್ತೆ' ಎನ್ನಬೇಡಿ.

ಇವತ್ತು ಅವರೊಬ್ಬರೇ ಹೇಳಲಿ.