ನಲವತ್ತಿದ್ದಲ್ಲೆಲ್ಲ ಅರವತ್ನಾಲ್ಕು

ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ಯಲಬುರ್ಗಾ ಬಸ್ಸಿಗೆ ಕಾದು ಕಾದು, ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಕಳಕಮ್ಮನಿಗೆ ಸಾಕಾಗಿ ಹೋಗಿತ್ತು. ಪಕ್ಕದ ಬೆಂಚಿನಲ್ಲಿ ಸಾಫ್ಟ್‌ವೇರ್ ಆಫೀಸಿನ ಇಬ್ಬರು ದನಿ ಏರಿಸಿ ಮಾತಾಡುತ್ತಿದ್ದರು. ಕೋಡಿನ ಹಳೆಯ ಪ್ರತಿಗಳನ್ನೆಲ್ಲ ಕಾಯ್ದಿಡುವ ಪ್ರೋಗ್ರಾಮು ಅವರದು. ಒಂದೊಂದು ಪ್ರತಿಗೂ ಹ್ಯಾಶ್ ಎಂಬ ಗುರುತಂತೆ. ಅವಳಿಗೆ ತಿಳಿದದ್ದು ಇಷ್ಟೇ.

“ಗೋವಿಂದರಾಜ, ಹಳೇ ಪ್ರಾಜೆಕ್ಟ್ ಒಂದೂ ತೆರೀವಲ್ದು!”

“ಯಾಕ್ರೀ ಅಮೃತಕ್ಕ? ಹಳೇ ಹ್ಯಾಶ್, ಹೊಸಾ ಹ್ಯಾಶ್ ಎರಡೂ ನಡೀಬೇಕು ಅಂದಿದ್ರಲ್ಲ?”

“ಹಳೇದಕ್ಕ ನಲವತ್ತು ಅಕ್ಷರ, ಹೊಸದಕ್ಕ ಅರವತ್ನಾಲ್ಕು. ನಮ್ಮ ಮ್ಯಾನೇಜರ್ ಪ್ರಭುರಾಜ ಸರ್ ಏನ್ ಮಾಡ್ಯಾರ ಗೊತ್ತೇನು? ಕೋಡಿನಾಗ ನಲವತ್ತಿದ್ದಲ್ಲೆಲ್ಲ ಅರವತ್ನಾಲ್ಕು ಬರದು ಕೈ ತೊಳಕೊಂಡಾರ.”

“ಎಲ್ಲಾ ಕಡೆ?”

“ಎಲ್ಲಾ ಕಡೆ! ಪುಟಕ್ಕ ನಲವತ್ತು ಸಾಲು ಅಂತ ಇತ್ತು. ಅದೂ ಅರವತ್ನಾಲ್ಕು ಆಗೇತಿ.”

“ಅಯ್ಯ! ಮೊದ್ಲು ‘ನಿಂದು ಯಾವ ಹ್ಯಾಶ್’ ಅಂತ ಪ್ರಾಜೆಕ್ಟನ್ನ ಕೇಳಬೇಕಲ್ರೀ?”

“ನಾನೂ ಅದನ್ನ ಅಂದೆ. ಸೋಮವಾರ ಗಿರಾಕಿಗೆ ಕೊಡಬೇಕು, ಅಷ್ಟು ಪುರುಸೊತ್ತಿಲ್ಲ ಅಂದ್ರು. ನಲವತ್ತಿದ್ರ ಹಿಂಗ, ಅರವತ್ನಾಲ್ಕಿದ್ರ ಹಂಗ ಅಂತ ಕಂಡಕಂಡಲ್ಲಿ ತೇಪಿ ಹಚ್ಚಬೇಕಂತ.”

ತೇಪಿ ಎಂದೊಡನೆ ಕಳಕಮ್ಮನ ಕಿವಿ ನಿಮಿರಿತು.

“ನಾಳೆ ಮೂರನೇ ಹ್ಯಾಶ್ ಬಂದ್ರ?” ಎಂದ ಗೋವಿಂದರಾಜ.

ಅಷ್ಟರಲ್ಲಿ ಅಳವಂಡಿ ಬಸ್ಸು ಬಂತು. ಇಬ್ಬರೂ ಎದ್ದು ಓಡಿದರು. ಅಮೃತಾಳ ಉತ್ತರ ಬಸ್ಸಿನ ಮೆಟ್ಟಿಲ ಮೇಲಿಂದ ಕೇಳಿಸಿತು.

“ಅಷ್ಟೊತ್ತಿಗೆ ಅವರಿಗೆ ಪ್ರಮೋಷನ್ ಆಗಿರ್ತೈತಿ. ತೇಪಿ ಬಿಚ್ಚಾಕ ನಾವು ಇಲ್ಲೇ ಇರ್ತೀವಲ್ಲ!”